ನೋಡಿದ ಫೈಲ್ ಒಂದು, ಅಳಿಸಿದ ಫೈಲ್ ಇನ್ನೊಂದು: ಕಮಾಂಡ್‌ಲೈನ್ ಟೂಲ್‌ಗಳಲ್ಲಿ ರೇಸ್ ಕಂಡೀಷನ್ ಹುಡುಕಿ ಮುಚ್ಚುವುದು ಹೇಗೆ

ಹಳೇ ಟೆಂಪರರಿ ಫೈಲ್‌ಗಳನ್ನು ಗುಡಿಸಿ ಹಾಕುವ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಎಷ್ಟೋ ಸರ್ವರ್‌ಗಳಲ್ಲಿ ಇರುತ್ತದೆ. ಒಂದೇ ಸಾಲಿನ ಕೆಲಸ. ಟಿಎಂಪಿ ಡೈರೆಕ್ಟರಿಯೊಳಗೆ ಹುಡುಕು, ಏಳು ದಿನಕ್ಕಿಂತ ಹಳೆಯದು ಸಿಕ್ಕರೆ ‘ಆರ್‌ಎಂ’ ಓಡಿಸು ಅಂತ ‘ಫೈಂಡ್’ ಕಮಾಂಡ್‌ಗೆ ಹೇಳಿರುತ್ತಾರೆ, ಅಷ್ಟೇ. ಓಡುವುದು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವೂ ಇರುವ ಯೂಸರ್ ಆಗಿ. ಮೇಲ್ನೋಟಕ್ಕೆ ಏನೂ ತಪ್ಪಿಲ್ಲ. ಆದರೆ ಅದೇ ಮೆಷಿನ್‌ನಲ್ಲಿ ಲಾಗಿನ್ ಇರುವ ಮಾಮೂಲಿ ಯೂಸರ್ ಒಬ್ಬ ಈ ಸಾಲನ್ನು ಬಳಸಿಕೊಂಡು ಸಿಸ್ಟಂನ ಪಾಸ್‌ವರ್ಡ್ ಫೈಲನ್ನೇ ಅಳಿಸಿಬಿಡಬಹುದು.

ಅವನು ಮಾಡಬೇಕಾದ್ದು ಇಷ್ಟೇ. ಟಿಎಂಪಿಯೊಳಗೆ ‘ಕಸ’ ಅಂತ ತನ್ನದೊಂದು ಡೈರೆಕ್ಟರಿ ಮಾಡುತ್ತಾನೆ. ಅದರೊಳಗೆ ‘ಇಟಿಸಿ’ ಅಂತ ಇನ್ನೊಂದು. ಅದರೊಳಗೆ ‘ಪಾಸ್‌ಡಬ್ಲ್ಯೂಡಿ’ ಅಂತ ಒಂದು ಖಾಲಿ ಫೈಲ್. ‘ಟಚ್’ ಕಮಾಂಡ್‌ನಿಂದ ಅದರ ತಾರೀಖನ್ನು ಹಿಂದಕ್ಕೆ ತಳ್ಳುತ್ತಾನೆ. ಫೈಂಡ್ ಬರುತ್ತದೆ, ಹಳೇ ಫೈಲ್ ಸಿಕ್ಕಿತು ಅಂದುಕೊಳ್ಳುತ್ತದೆ, ‘/ಟಿಎಂಪಿ/ಕಸ/ಇಟಿಸಿ/ಪಾಸ್‌ಡಬ್ಲ್ಯೂಡಿ’ ಅನ್ನುವ ಹೆಸರನ್ನು ಆರ್‌ಎಂ ಕೈಗೆ ಕೊಡುತ್ತದೆ. ಆರ್‌ಎಂ ಇನ್ನೂ ಶುರುವಾಗುತ್ತಿದೆ. ಅಷ್ಟರಲ್ಲಿ ಅವನು ಒಳಗಿನ ‘ಇಟಿಸಿ’ ಡೈರೆಕ್ಟರಿಯನ್ನು ಪಕ್ಕಕ್ಕೆ ಸರಿಸಿ, ಅದೇ ಹೆಸರಿನಲ್ಲಿ ನಿಜವಾದ ಇಟಿಸಿ ಡೈರೆಕ್ಟರಿಗೆ ಒಂದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರುವ ಹೆಸರು) ಇಡುತ್ತಾನೆ. ಆರ್‌ಎಂ ತನಗೆ ಕೊಟ್ಟ ಹೆಸರಿನ ದಾರಿ ಹಿಡಿದು ಹೋಗುತ್ತದೆ. ದಾರಿ ಈಗ ಬೇರೆ ಕಡೆ ಹೋಗುತ್ತಿದೆ. ಅಳಿಸುವುದು ಅಸಲಿ ಫೈಲನ್ನು.

ಇಲ್ಲಿ ಫೈಂಡ್ ಕೋಡ್‌ನಲ್ಲೂ ಬಗ್ ಇಲ್ಲ, ಆರ್‌ಎಂ ಕೋಡ್‌ನಲ್ಲೂ ಇಲ್ಲ. ತಪ್ಪಿರುವುದು ಎರಡರ ನಡುವಿನ ಸಂದಿಯಲ್ಲಿ. ಒಬ್ಬರು ಹೆಸರಿನಿಂದ ಪರೀಕ್ಷೆ ಮಾಡಿದರು, ಇನ್ನೊಬ್ಬರು ಅದೇ ಹೆಸರಿನಿಂದ ಕೆಲಸ ಮಾಡಿದರು. ನಡುವೆ ಹೆಸರಿನ ಅರ್ಥ ಬದಲಾಯಿತು. ಪರೀಕ್ಷೆಯ ಹೊತ್ತು ಬೇರೆ, ಬಳಕೆಯ ಹೊತ್ತು ಬೇರೆ ಆಗುವ ಈ ಬಗೆಯ ರೇಸ್ ಕಂಡೀಷನ್‌ಗೆ ಸೆಕ್ಯುರಿಟಿಯವರು ‘ಟಾಕ್‌ಟೂ’ ಅನ್ನುತ್ತಾರೆ. ದೋಷಗಳ ಸಿಡಬ್ಲ್ಯೂಇ ಪಟ್ಟಿಯಲ್ಲಿ ಇದರ ನಂಬರ್ 367.

ಈ ಲೇಖನ ರೂಟ್ ಸ್ಕ್ರಿಪ್ಟ್ ಬರೆಯುವವರಿಗೆ ಮತ್ತು ಫೈಲ್ ಟೂಲ್‌ಗಳನ್ನೇ ಬರೆಯುವವರಿಗೆ. ಲಿನಕ್ಸ್ ಮುಂದಿಟ್ಟುಕೊಂಡು ಬರೆದಿದ್ದೇನೆ, ಆದರೆ ವಿಚಾರ ಯುನಿಕ್ಸ್ ಕುಲದ ಎಲ್ಲ ಸಿಸ್ಟಂಗಳಿಗೂ ಒಂದೇ.

ಶುರು ಮಾಡುವ ಮೊದಲು ಒಂದು ಮಾತು. ‘ಆ ಸಂದಿ ಮೈಕ್ರೋಸೆಕೆಂಡ್‌ಗಳದ್ದು, ಯಾರಿಗೆ ಸಿಗುತ್ತೆ ಬಿಡಿ’ ಅನ್ನುವ ವಾದ ಆಗಾಗ ಕೇಳಿಬರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. 2004ರಲ್ಲಿ ಡ್ರೂ ಡೀನ್ ಮತ್ತು ಅಲನ್ ಹೂ ಒಂದು ಉಪಾಯ ಹೇಳಿದರು: ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ದಾಳಿಕೋರ ಪ್ರತೀ ಸಲವೂ ಗೆಲ್ಲಬೇಕಾಗುತ್ತೆ, ಅವನಿಗೆ ಅವಕಾಶವೇ ಇರುವುದಿಲ್ಲ ಅಂತ. ಮರುವರ್ಷವೇ ನಿಕಿತಾ ಬೋರಿಸೋವ್, ರಾಬ್ ಜಾನ್ಸನ್, ನವೀನ್ ಶಾಸ್ತ್ರಿ ಮತ್ತು ಡೇವಿಡ್ ವ್ಯಾಗ್ನರ್ ಅದನ್ನು ಮುರಿದು ತೋರಿಸಿದರು. ಒಂದರೊಳಗೊಂದು ಡೈರೆಕ್ಟರಿ, ಸಿಮ್‌ಲಿಂಕ್ ಪೋಣಿಸಿ ಉದ್ದನೆಯ ಚಕ್ರವ್ಯೂಹ ಕಟ್ಟಿದರು. ಆ ಹೆಸರನ್ನು ಬಿಡಿಸಲು ಕರ್ನಲ್ (ಸಿಸ್ಟಂನ ತಿರುಳು) ಡಿಸ್ಕ್‌ವರೆಗೆ ಹೋಗಿ ಬರಬೇಕಾಯಿತು. ಟೂಲ್ ಎಲ್ಲಿಯವರೆಗೆ ಬಂದಿದೆ ಅನ್ನುವುದನ್ನು ಫೈಲ್‌ಗಳ ಆಕ್ಸೆಸ್ ಟೈಮ್ ನೋಡಿ ತಿಳಿದುಕೊಂಡರು. ಅಂದರೆ ಸಂದಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ನೀವು ನಿರ್ಧರಿಸುವುದಿಲ್ಲ, ದಾಳಿಕೋರ ನಿರ್ಧರಿಸುತ್ತಾನೆ. ಸಂದಿಯನ್ನು ಚಿಕ್ಕದು ಮಾಡಿ ಉಪಯೋಗವಿಲ್ಲ. ಮುಚ್ಚಬೇಕು.

ಹೆಜ್ಜೆ 1: ಯಾವ ಡೈರೆಕ್ಟರಿಗೆ ಯಾರು ಬರೆಯಬಹುದು?

ಕೋಡ್ ತೆರೆಯುವ ಮುಂಚೆ ಟೂಲ್ ಮುಟ್ಟುವ ಪ್ರತಿಯೊಂದು ಪಾತ್ ತೆಗೆದುಕೊಳ್ಳಿ. ಕೊನೆಯ ಫೈಲಿನ ಪರ್ಮಿಷನ್ ನೋಡಿದರೆ ಸಾಲದು. ರೂಟ್ ಡೈರೆಕ್ಟರಿಯಿಂದ (‘/’) ಹಿಡಿದು ಕೆಳಗಿನವರೆಗೆ ಒಂದೊಂದು ಡೈರೆಕ್ಟರಿಯನ್ನೂ ನೋಡಿ. ಹೆಸರನ್ನು ಬದಲಿಸುವ ಅಧಿಕಾರ ಇರುವುದು ಫೈಲಿನ ಒಡೆಯನಿಗಲ್ಲ, ಆ ಹೆಸರು ಕುಳಿತಿರುವ ಡೈರೆಕ್ಟರಿಗೆ ಬರೆಯಬಲ್ಲವನಿಗೆ. ಟಿಎಂಪಿಯಂಥ 1777 ಮೋಡ್‌ನ ಡೈರೆಕ್ಟರಿಯಲ್ಲಿ ಸ್ಟಿಕಿ ಬಿಟ್ ಇರುವುದರಿಂದ ಬೇರೆಯವರ ಫೈಲಿಗೆ ಕೈ ಹಾಕಲಾಗದು, ನಿಜ. ಆದರೆ ಹೊಸ ಹೆಸರನ್ನು ಯಾರು ಬೇಕಾದರೂ ಮೊದಲೇ ಇಟ್ಟು ಕಾಯಬಹುದು.

ಇದಕ್ಕೆ ‘ನೇಮ್‌ಐ’ ಕಮಾಂಡ್ ಬಹಳ ಅನುಕೂಲ. ಎಲ್ ಆಪ್ಷನ್ ಕೊಟ್ಟರೆ ಪಾತ್‌ನ ಪ್ರತೀ ತುಂಡಿನ ಒಡೆಯ ಮತ್ತು ಪರ್ಮಿಷನ್ ಒಂದರ ಕೆಳಗೊಂದು ತೋರಿಸುತ್ತದೆ. ಎಲ್ಲ ತುಂಡುಗಳೂ ಟೂಲ್ ಓಡಿಸುವವನದ್ದೋ ರೂಟ್‌ನದ್ದೋ ಆಗಿದ್ದು, ಬೇರೆ ಯಾರೂ ಬರೆಯಲಾಗದಿದ್ದರೆ ಆ ಪಾತ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಒಂದು ತುಂಡು ಬೇರೆಯವರ ಕೈಯಲ್ಲಿದ್ದರೂ ಅದರ ಕೆಳಗಿನದ್ದೆಲ್ಲ ಅನುಮಾನದ ಪಟ್ಟಿಗೆ ಹೋಗುತ್ತದೆ. ಅಪ್‌ಲೋಡ್ ಡೈರೆಕ್ಟರಿ, ಹೋಮ್ ಡೈರೆಕ್ಟರಿಗಳ ಬ್ಯಾಕಪ್, ಸರ್ವಿಸ್ ಯೂಸರ್‌ನ ಲಾಗ್ ಡೈರೆಕ್ಟರಿ: ಸಿಗುವುದು ಹೆಚ್ಚಾಗಿ ಇಲ್ಲೇ.

ಹೆಜ್ಜೆ 2: ಟೂಲ್ ಕರ್ನಲ್‌ಗೆ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಿ

ಸೋರ್ಸ್ ಓದುವುದಕ್ಕಿಂತ ಬೇಗ ಕೆಲಸ ಆಗುವುದು ‘ಎಸ್‌ಟ್ರೇಸ್’ನಿಂದ. ಫೈಲ್ ಸಂಬಂಧದ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಮಾತ್ರ ತೋರಿಸು ಅಂತ ಹೇಳಲು ‘ಟ್ರೇಸ್’ ಆಪ್ಷನ್‌ಗೆ ‘ಫೈಲ್’ ಗುಂಪು ಕೊಡಿ. ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಕರ್ನಲ್ ಕೊಡುವ ನಂಬರ್) ಮೇಲೆ ಕೆಲಸ ಮಾಡುವ ಕಾಲ್‌ಗಳೂ ಬೇಕಲ್ವಾ, ‘ಡೆಸ್ಕ್’ ಗುಂಪನ್ನೂ ಸೇರಿಸಿ. ಚೈಲ್ಡ್ ಪ್ರೊಸೆಸ್‌ಗಳಿಗಾಗಿ ಎಫ್ ಆಪ್ಷನ್ ಇರಲಿ.

ಬಂದ ಔಟ್‌ಪುಟ್‌ನಲ್ಲಿ ಹುಡುಕಬೇಕಾದ್ದು ಒಂದೇ: ಒಂದೇ ಪಾತ್ ಎರಡು ಸಲ ಬಂದಿದೆಯಾ? ಮೊದಲು ‘ಎಲ್‌ಸ್ಟ್ಯಾಟ್’, ಆಮೇಲೆ ಅದೇ ಹೆಸರಿಗೆ ‘ಓಪನ್’. ಮೊದಲು ‘ಆಕ್ಸೆಸ್’, ಆಮೇಲೆ ‘ಓಪನ್’. ಮೊದಲು ‘ಎಂಕೆಡಿರ್’, ಆಮೇಲೆ ‘ಸಿಎಚ್‌ಮಾಡ್’. ಇಂಥ ಪ್ರತಿಯೊಂದು ಜೋಡಿಯೂ ಒಂದು ಸಂದಿ. ‘ಆಕ್ಸೆಸ್’ ಕಾಲ್‌ನ ಮ್ಯಾನ್ ಪೇಜ್ ಇದೇ ಅಪಾಯದ ಬಗ್ಗೆ ಎಚ್ಚರಿಸುತ್ತದೆ. ಸೆಟ್‌ಯುಐಡಿ ಪ್ರೋಗ್ರಾಂನಲ್ಲಿ (ಯಾರೇ ಓಡಿಸಿದರೂ ತನ್ನ ಒಡೆಯನ ಅಧಿಕಾರದಲ್ಲಿ ಓಡುವಂಥದ್ದು) ಯೂಸರ್‌ಗೆ ಅನುಮತಿ ಇದೆಯೇ ಅಂತ ಕೇಳಿ ಆಮೇಲೆ ರೂಟ್ ಆಗಿ ತೆರೆಯುವುದು ಸರಿಯಲ್ಲ. ಆ ಹೊತ್ತಿಗೆ ಯೂಸರ್‌ನ ಐಡಿಗೇ ಇಳಿದು ತೆರೆಯಿರಿ. ಕರ್ನಲ್ಲೇ ಪರೀಕ್ಷೆ ಮಾಡುತ್ತದೆ, ಪರೀಕ್ಷೆಯೂ ಕೆಲಸವೂ ಒಂದೇ ಕಾಲ್‌ನಲ್ಲಿ ಮುಗಿಯುತ್ತವೆ.

ಹೆಜ್ಜೆ 3: ಹೊಸ ಫೈಲ್ ಹುಟ್ಟುವಾಗಲೇ ಸರಿಯಾಗಿ ಹುಟ್ಟಲಿ

‘ಈ ಹೆಸರು ಇದೆಯಾ? ಇಲ್ಲ. ಹಾಗಾದರೆ ಮಾಡು’ ಅನ್ನುವ ಎರಡು ಸಾಲಿನ ತರ್ಕ ಎಲ್ಲಿ ಕಂಡರೂ ತೆಗೆಯಿರಿ. ‘ಓ ಕ್ರಿಯೇಟ್’ ಜೊತೆ ‘ಓ ಎಕ್ಸ್‌ಕ್ಲ್’ ಫ್ಲ್ಯಾಗ್ ಕೊಟ್ಟು ತೆರೆದರೆ, ಹೆಸರು ಮೊದಲೇ ಇದ್ದಲ್ಲಿ ಕರ್ನಲ್ ಎರರ್ ಕೊಡುತ್ತದೆ. ಅಲ್ಲಿ ಇರುವುದು ಸಿಮ್‌ಲಿಂಕ್ ಆದರೂ, ಅದು ಎಲ್ಲಿಗೂ ಹೋಗದ ಸಿಮ್‌ಲಿಂಕ್ ಆದರೂ ಎರರ್ರೇ. ಬೇಕಿದ್ದದ್ದು ಅದೇ.

ಪರ್ಮಿಷನ್ ಕೂಡ ಅಷ್ಟೇ. ಮೊದಲು 644 ಮೋಡ್‌ನಲ್ಲಿ (ಎಲ್ಲರೂ ಓದಬಹುದು) ಮಾಡಿ, ಆಮೇಲೆ 600ಕ್ಕೆ (ಒಡೆಯ ಮಾತ್ರ) ಇಳಿಸುವ ಟೂಲ್‌ಗಳಿವೆ. ಆ ನಡುವೆ ಯಾರಾದರೂ ಫೈಲನ್ನು ಓದಲು ತೆರೆದಿಟ್ಟುಕೊಂಡರೆ, ಆಮೇಲೆ ನೀವು ಮೋಡ್ ಬದಲಿಸಿದರೂ ಅವರ ಕೈಲಿರುವ ಡಿಸ್ಕ್ರಿಪ್ಟರ್ ಕೆಲಸ ಮಾಡುತ್ತಲೇ ಇರುತ್ತದೆ. ಮುಂದೆ ನೀವು ಬರೆಯುವ ಗುಟ್ಟೆಲ್ಲ ಅವರಿಗೆ ಕಾಣುತ್ತದೆ. ಆದ್ದರಿಂದ ಬಿಗಿಯಾದ ಮೋಡ್‌ನಲ್ಲಿ ಹುಟ್ಟಿಸಿ, ಬೇಕಾದರೆ ಕೊನೆಗೆ ಸಡಿಲ ಮಾಡಿ. ಈ ಕ್ರಮ ಉಲ್ಟಾ ಆಗಬಾರದು.

ಶೆಲ್‌ನಲ್ಲಾದರೆ ‘ಎಂಕೆಟೆಂಪ್’ ಬಳಸಿ. ಅದು ಮಾಡುವ ಫೈಲ್ 600 ಮೋಡ್‌ನದ್ದು, ಡಿ ಆಪ್ಷನ್ ಕೊಟ್ಟರೆ ಮಾಡುವ ಡೈರೆಕ್ಟರಿ 700 ಮೋಡ್‌ನದ್ದು. ಹಲವು ಫೈಲ್ ಬೇಕಿದ್ದರೆ ಒಂದು ಡೈರೆಕ್ಟರಿ ಮಾಡಿಕೊಂಡು ಎಲ್ಲವನ್ನೂ ಅದರೊಳಗೆ ಇಡುವುದೇ ಒಳ್ಳೆಯದು. ಯು ಆಪ್ಷನ್ ಮಾತ್ರ ಬೇಡ. ಅದು ಹೆಸರನ್ನು ಹೇಳಿ ಸುಮ್ನಾಗುತ್ತದೆ, ಫೈಲ್ ಮಾಡುವುದಿಲ್ಲ. ಮತ್ತೆ ಅದೇ ಹಳೇ ಸಂದಿ. ಪ್ರೊಸೆಸ್ ಐಡಿ ಸೇರಿಸಿ ಹೆಸರು ಕಟ್ಟುವ ರೂಢಿಯನ್ನೂ ಬಿಡಬೇಕು, ಆ ನಂಬರ್ ಊಹಿಸುವುದು ಕಷ್ಟವೇನಲ್ಲ.

ಹೆಜ್ಜೆ 4: ತೆರೆದ ಮೇಲೆ ಹೆಸರನ್ನು ಮರೆತುಬಿಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೇನೆ ಅನ್ನುವವರು ಇದನ್ನೇ ಪಾಲಿಸಿ. ಫೈಲ್ ಒಮ್ಮೆ ತೆರೆದರೆ ಕೈಗೆ ಬರುವ ಡಿಸ್ಕ್ರಿಪ್ಟರ್ ನೇರವಾಗಿ ಆ ಫೈಲಿಗೇ ಅಂಟಿಕೊಂಡಿರುತ್ತದೆ. ಹೊರಗೆ ಹೆಸರನ್ನು ಯಾರು ಏನು ಮಾಡಿದರೂ ಅದು ಬದಲಾಗುವುದಿಲ್ಲ. ಆದ್ದರಿಂದ ಪರೀಕ್ಷೆ, ಮೋಡ್, ಒಡೆತನ, ಟೈಮ್‌ಸ್ಟ್ಯಾಂಪ್ ಎಲ್ಲವನ್ನೂ ಅದರ ಮೇಲೆಯೇ ಮಾಡಿ: ‘ಎಫ್‌ಸ್ಟ್ಯಾಟ್’, ‘ಎಫ್‌ಸಿಎಚ್‌ಮಾಡ್’, ‘ಎಫ್‌ಸಿಎಚ್‌ಓನ್’, ‘ಫ್ಯುಟೈಮೆನ್ಸ್’.

ಹೀಗೆ ಮಾಡದಿದ್ದರೆ ಏನಾಗುತ್ತೆ ಅನ್ನುವುದಕ್ಕೆ 2005ರ ಜಿಜಿಪ್ (ಫೈಲ್ ಕುಗ್ಗಿಸಿ ಬಿಚ್ಚುವ ಟೂಲ್) ಪ್ರಕರಣ ನೋಡಿ. 1.3.3 ಮತ್ತು ಅದಕ್ಕಿಂತ ಹಳೇ ಆವೃತ್ತಿಗಳು ಫೈಲನ್ನು ಬಿಚ್ಚಿ ಮುಗಿಸಿದ ಮೇಲೆ, ಅದರ ಪರ್ಮಿಷನ್ ಅನ್ನು ಹೆಸರಿನ ಮೂಲಕ ಬದಲಿಸುತ್ತಿದ್ದವು. ಬಿಚ್ಚುವ ಹೊತ್ತಿನಲ್ಲಿ ಆ ಹೆಸರಿನ ಜಾಗದಲ್ಲಿ ಬೇರೊಂದು ಫೈಲಿನ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಇಟ್ಟರೆ ಸಾಕು, ಆ ಬೇರೆ ಫೈಲಿನ ಪರ್ಮಿಷನ್ ಬದಲಾಗಿಬಿಡುತ್ತಿತ್ತು. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಇದರ ನಂಬರ್ ಸಿವಿಇ-2005-0988. ಅದೇ ವರ್ಷ ಬಿಜಿಪ್2 ಮತ್ತು ಸಿಪಿಐಓ ಟೂಲ್‌ಗಳಲ್ಲೂ ಇದೇ ಮಾದರಿಯ ದೋಷ ವರದಿಯಾಯಿತು. ಮೂರೂ ಬೇರೆ ಬೇರೆ ಕೋಡ್, ತಪ್ಪು ಮಾತ್ರ ಅಕ್ಷರಶಃ ಒಂದೇ.

ಮೊದಲೇ ಇರುವ ಫೈಲನ್ನು ತೆರೆಯುವಾಗ ‘ಓ ನೋಫಾಲೋ’ ಫ್ಲ್ಯಾಗ್ ಸೇರಿಸಿ. ಕೊನೆಯ ತುಂಡು ಸಿಮ್‌ಲಿಂಕ್ ಆಗಿದ್ದರೆ ‘ಇಲೂಪ್’ ಎರರ್ ಬರುತ್ತದೆ. ಗಮನಿಸಿ, ಕೊನೆಯ ತುಂಡು ಮಾತ್ರ. ನಡುವಿನ ಡೈರೆಕ್ಟರಿಗಳಲ್ಲಿ ಸಿಮ್‌ಲಿಂಕ್ ಇದ್ದರೆ ಈ ಫ್ಲ್ಯಾಗ್ ಸುಮ್ಮನೆ ಬಿಟ್ಟುಬಿಡುತ್ತದೆ. ಮೇಲಿನ ‘ಕಸ’ ಡೈರೆಕ್ಟರಿಯ ಆಟ ನಡೆದದ್ದು ನಡುವಿನ ತುಂಡಿನಲ್ಲೇ ಅಲ್ವಾ? ಅದಕ್ಕೇ ಮುಂದಿನ ಹೆಜ್ಜೆ ಬೇಕು.

ಹೆಜ್ಜೆ 5: ಡೈರೆಕ್ಟರಿ ಮರ ಇಳಿಯುವುದು

ಅತಿ ಹೆಚ್ಚು ಅನಾಹುತ ಆಗುವುದು ರಿಕರ್ಸಿವ್ ಕೆಲಸಗಳಲ್ಲಿ. ಮರವನ್ನು ಪೂರ್ತಿ ಅಳಿಸುವುದು, ಪೂರ್ತಿ ಕಾಪಿ ಮಾಡುವುದು, ಪೂರ್ತಿ ಒಡೆತನ ಬದಲಿಸುವುದು.

2002ರಲ್ಲಿ, ಆರ್‌ಎಂನಂಥ ಟೂಲ್‌ಗಳಿದ್ದ ಗ್ನೂ ಫೈಲ್‌ಯುಟಿಲ್ಸ್ 4.1ರಲ್ಲಿ ಸಿಕ್ಕ ದೋಷ ಕಣ್ಣು ತೆರೆಸುವಂಥದ್ದು. ಮರ ಅಳಿಸುವಾಗ ಟೂಲ್ ಒಂದೊಂದೇ ಡೈರೆಕ್ಟರಿಯೊಳಗೆ ಇಳಿಯುತ್ತಿತ್ತು, ಕೆಲಸ ಮುಗಿದ ಮೇಲೆ ‘ಡಾಟ್ ಡಾಟ್’ (ಮೇಲಿನ ಡೈರೆಕ್ಟರಿಯ ಹೆಸರು) ಹಿಡಿದು ಮೇಲೆ ಬರುತ್ತಿತ್ತು. ಟೂಲ್ ಕೆಳಗಿನ ಡೈರೆಕ್ಟರಿಯಲ್ಲಿ ಇರುವಾಗಲೇ ಯಾರಾದರೂ ಆ ಡೈರೆಕ್ಟರಿಯನ್ನು ಕಿತ್ತು ಮೇಲಿನ ಹಂತಕ್ಕೆ ಇಟ್ಟರೆ? ‘ಡಾಟ್ ಡಾಟ್’ ಅಂದರೆ ಈಗ ಬೇರೆ ಜಾಗ. ಟೂಲ್ ತಾನು ಹೊರಟ ಜಾಗಕ್ಕಿಂತ ಮೇಲೆ ಹೋಗಿ, ಅಲ್ಲಿಂದ ಅಳಿಸಲು ಶುರು ಮಾಡುತ್ತಿತ್ತು. ರೂಟ್ ಫೈಲ್‌ಸಿಸ್ಟಂವರೆಗೂ ಹೋಗುವ ಸಾಧ್ಯತೆ ಇತ್ತು. ಸಿಮ್‌ಲಿಂಕ್‌ನ ಹಂಗೇ ಇಲ್ಲದ ದಾಳಿ ಇದು.

20 ವರ್ಷ ಆದ ಮೇಲೆ, 2022ರ ಜನವರಿಯಲ್ಲಿ, ರಸ್ಟ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದರ ತಮ್ಮನಂಥ ದೋಷ ಸಿಕ್ಕಿತು. ಮರ ಅಳಿಸುವ ‘ರಿಮೂವ್ ಡಿರ್ ಆಲ್’ ಫಂಕ್ಷನ್ ಇದು ಡೈರೆಕ್ಟರಿಯೋ ಸಿಮ್‌ಲಿಂಕೋ ಅಂತ ಮೊದಲು ನೋಡಿ, ಆಮೇಲೆ ಹೆಸರಿನಿಂದ ಒಳಗೆ ಹೋಗುತ್ತಿತ್ತು. ಸಿವಿಇ-2022-21658, ರಸ್ಟ್ 1.58.1ರಲ್ಲಿ ಸರಿಮಾಡಿದರು. ಮೆಮೊರಿ ಸೇಫ್ ಭಾಷೆಯಲ್ಲಿ ಬರೆದಿದ್ದೇವೆ, ನಮಗೆ ಭಯವಿಲ್ಲ ಅನ್ನುವವರು ಇದನ್ನು ಗಮನಿಸಬೇಕು. ಭಾಷೆ ನಿಮ್ಮ ಪ್ರೋಗ್ರಾಂನ ಮೆಮೊರಿಯನ್ನು ಕಾಯುತ್ತದೆ. ಫೈಲ್‌ಸಿಸ್ಟಂ ಎಲ್ಲರ ನಡುವೆ ಹಂಚಿಕೊಂಡ ಜಾಗ, ಅದನ್ನು ಭಾಷೆ ಕಾಯಲಾರದು.

ಸರಿಯಾದ ರೀತಿ ಹೀಗೆ. ಮೇಲಿನ ಡೈರೆಕ್ಟರಿಯನ್ನು ತೆರೆದು ಡಿಸ್ಕ್ರಿಪ್ಟರ್ ಇಟ್ಟುಕೊಳ್ಳಿ. ಒಳಗಿನ ಹೆಸರನ್ನು ಆ ಡಿಸ್ಕ್ರಿಪ್ಟರ್‌ಗೆ ಸಂಬಂಧಿಸಿದಂತೆ ‘ಓಪನ್‌ಅಟ್’ನಿಂದ ತೆರೆಯಿರಿ, ‘ಓ ಡೈರೆಕ್ಟರಿ’ ಮತ್ತು ‘ಓ ನೋಫಾಲೋ’ ಎರಡೂ ಫ್ಲ್ಯಾಗ್ ಇರಲಿ. ಒಂದು ಸಲಕ್ಕೆ ಒಂದೇ ತುಂಡು, ಹೆಸರಿನ ನಡುವೆ ಸ್ಲ್ಯಾಶ್ ಇರಕೂಡದು. ತೆರೆದದ್ದು ಡೈರೆಕ್ಟರಿಯಾದರೆ ಅದರ ಡಿಸ್ಕ್ರಿಪ್ಟರ್ ಹಿಡಿದು ಇನ್ನೂ ಕೆಳಗೆ ಇಳಿಯಿರಿ. ಅಳಿಸಲು ‘ಅನ್‌ಲಿಂಕ್‌ಅಟ್’, ಒಡೆತನಕ್ಕೆ ‘ಎಫ್‌ಸಿಎಚ್‌ಓನ್‌ಅಟ್’ ಜೊತೆ ಸಿಮ್‌ಲಿಂಕ್ ಹಿಂಬಾಲಿಸಬೇಡ ಅನ್ನುವ ಫ್ಲ್ಯಾಗ್. ಮೇಲೆ ಬರುವಾಗ ‘ಡಾಟ್ ಡಾಟ್’ ಬೇಡ, ಕೈಲಿರುವ ಹಳೇ ಡಿಸ್ಕ್ರಿಪ್ಟರ್‌ಗೆ ಮರಳಿದರಾಯಿತು. ಮರ ತುಂಬಾ ಆಳವಿದ್ದು ಡಿಸ್ಕ್ರಿಪ್ಟರ್ ಮಿತಿ ಮುಟ್ಟುವ ಹಾಗಿದ್ದರೆ ಕೆಲವನ್ನು ಮುಚ್ಚಿ ‘ಡಾಟ್ ಡಾಟ್’ ಹಿಡಿಯಲೇಬೇಕಾಗಬಹುದು. ಆಗ ಇಳಿಯುವ ಮೊದಲೇ ಡಿವೈಸ್ ನಂಬರ್ ಮತ್ತು ಐನೋಡ್ ನಂಬರ್ (ಎರಡೂ ಸೇರಿ ಆ ಡೈರೆಕ್ಟರಿಯ ಗುರುತು) ಬರೆದಿಟ್ಟುಕೊಂಡು, ಮೇಲೆ ಬಂದ ಮೇಲೆ ಎರಡೂ ಹೊಂದುತ್ತವಾ ನೋಡಿ. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ.

ಓಪನ್‌ಅಟ್ ಕುಟುಂಬದ ಕಾಲ್‌ಗಳು ಲಿನಕ್ಸ್ 2.6.16ರಿಂದ ಇವೆ, ಯುನಿಕ್ಸ್ ಕುಲದ ಮಾನದಂಡವಾದ ಪಾಸಿಕ್ಸ್‌ನ 2008ರ ಆವೃತ್ತಿಯಲ್ಲೂ ಸೇರಿವೆ. ಲಿನಕ್ಸ್ 5.6ರಿಂದ ‘ಓಪನ್‌ಅಟ್2’ ಕೂಡ ಇದೆ. ಅದಕ್ಕೆ ‘ರಿಸಾಲ್ವ್ ಬಿನೀತ್’ ಅಂತ ಹೇಳಿದರೆ ಇಡೀ ಪಾತ್ ಕೊಟ್ಟ ಡೈರೆಕ್ಟರಿಯ ಒಳಗೇ ಉಳಿಯುವಂತೆ ಕರ್ನಲ್ ನೋಡಿಕೊಳ್ಳುತ್ತದೆ, ‘ರಿಸಾಲ್ವ್ ನೋ ಸಿಮ್‌ಲಿಂಕ್ಸ್’ ಅಂದರೆ ನಡುವಿನ ಸಿಮ್‌ಲಿಂಕ್‌ಗಳನ್ನೂ ತಿರಸ್ಕರಿಸುತ್ತದೆ. ಆರ್ಕೈವ್ ಬಿಚ್ಚುವ ಟೂಲ್‌ಗಳಿಗೆ ಇದು ವರ. ಬಿನೀತ್ ಜೊತೆ ‘ಡಾಟ್ ಡಾಟ್’ ಇದ್ದು ಅದೇ ಹೊತ್ತಿಗೆ ಯಾರಾದರೂ ಹೆಸರು ಬದಲಿಸುತ್ತಿದ್ದರೆ ‘ಇಅಗೇನ್’ ಎರರ್ ಬರಬಹುದು, ಒಂದೆರಡು ಸಲ ಮತ್ತೆ ಪ್ರಯತ್ನಿಸಿ.

ಹೆಜ್ಜೆ 6: ಹಳೇ ಫೈಲಿನ ಜಾಗದಲ್ಲಿ ಹೊಸದು

ಇದು ಚಿಕ್ಕ ವಿಷಯ. ಅದೇ ಡೈರೆಕ್ಟರಿಯಲ್ಲಿ ಟೆಂಪರರಿ ಫೈಲ್ ಮಾಡಿ, ಬರೆದು, ‘ಎಫ್‌ಸಿಂಕ್’ ಮಾಡಿ (ಬರೆದದ್ದು ಡಿಸ್ಕ್‌ಗೆ ಇಳಿಯಲಿ), ‘ರಿನೇಮ್’ ಮಾಡಿ. ಗುರಿಯ ಹೆಸರು ಸಿಮ್‌ಲಿಂಕ್ ಆಗಿದ್ದರೆ ರಿನೇಮ್ ಅದನ್ನು ಹಿಂಬಾಲಿಸುವುದಿಲ್ಲ, ಅದನ್ನೇ ಬದಲಿಸುತ್ತದೆ. ಬೇರೆ ಫೈಲ್‌ಸಿಸ್ಟಂನಲ್ಲಿ ಟೆಂಪರರಿ ಫೈಲ್ ಮಾಡಿದರೆ ರಿನೇಮ್ ಆಗುವುದಿಲ್ಲ. ‘ಎಂವಿ’ ಕಮಾಂಡ್ ಆಗ ಕಾಪಿ ಮಾಡಿ ಅಳಿಸುವ ದಾರಿ ಹಿಡಿಯುತ್ತದೆ, ಒಂದೇ ಏಟಿಗೆ ಆಗುವ ಗುಣ ಹೋಯಿತು. ಮೊದಲೇ ಇರುವ ಫೈಲ್ ಅಳಿದುಹೋಗಬಾರದು ಅನ್ನುವುದಿದ್ದರೆ ಲಿನಕ್ಸ್ 3.15ರಿಂದ ಇರುವ ‘ರಿನೇಮ್‌ಅಟ್2’ ಕಾಲ್‌ಗೆ ‘ನೋರಿಪ್ಲೇಸ್’ ಫ್ಲ್ಯಾಗ್ ಕೊಡಿ.

ಶೆಲ್ ಸ್ಕ್ರಿಪ್ಟ್‌ನಲ್ಲಿ ಏನು ಮಾಡುವುದು?

ಇಲ್ಲಿ ಕಷ್ಟ ಇದೆ. ಶೆಲ್‌ನಲ್ಲಿ ಪ್ರತಿಯೊಂದು ಕಮಾಂಡೂ ಬೇರೆ ಪ್ರೊಸೆಸ್, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೆಸರು ಮಾತ್ರ. ಹಾಗಾಗಿ ಬೇರೆಯವರ ಡೈರೆಕ್ಟರಿಯಲ್ಲಿ ರೂಟ್ ಆಗಿ ಕೆಲಸ ಮಾಡುವುದನ್ನೇ ತಪ್ಪಿಸಿ. ಯಾರ ಡೈರೆಕ್ಟರಿಯೋ ಅವರ ಐಡಿಯಲ್ಲೇ ‘ರನ್‌ಯೂಸರ್’ ಮೂಲಕ ಕೆಲಸ ಮಾಡಿಸಿ. ಅವನು ಏನೇ ಆಟ ಆಡಿದರೂ ಅವನಿಗೆ ಮೊದಲೇ ಇರುವ ಅಧಿಕಾರವೇ ಅವನಿಗೆ ಸಿಗುವುದು. ನನ್ನ ಪ್ರಕಾರ ಸ್ಕ್ರಿಪ್ಟ್‌ಗಳಿಗೆ ಇದಕ್ಕಿಂತ ಒಳ್ಳೆ ಪರಿಹಾರ ಇಲ್ಲ. ಉಳಿದದ್ದೆಲ್ಲ ತೇಪೆ.

ಆದರೂ ತೇಪೆಗಳೂ ಬೇಕು. ಮೊದಲಿನ ಕ್ರಾನ್ ಸಾಲಿಗೆ ಮರಳಿದರೆ, ಆರ್‌ಎಂ ಕರೆಯುವ ಬದಲು ಫೈಂಡ್‌ನ ಸ್ವಂತ ‘ಡಿಲೀಟ್’ ಆಕ್ಷನ್ ಬಳಸಿ. ಪೂರ್ತಿ ಪಾತ್ ಅನ್ನು ಇನ್ನೊಂದು ಪ್ರೊಸೆಸ್ ಕೈಗೆ ಕೊಡುವ ಸಂದರ್ಭವೇ ಬರುವುದಿಲ್ಲ. ಬೇರೆ ಕಮಾಂಡ್ ಓಡಿಸಲೇಬೇಕಿದ್ದರೆ ‘ಎಕ್ಸೆಕ್’ ಬದಲು ‘ಎಕ್ಸೆಕ್‌ಡಿರ್’. ಅದು ಫೈಲ್ ಇರುವ ಡೈರೆಕ್ಟರಿಯೊಳಗೇ ಹೋಗಿ, ಬರೀ ಕೊನೆಯ ಹೆಸರನ್ನು ಕೊಡುತ್ತದೆ. ಹೆಸರುಗಳನ್ನು ಗುಡ್ಡೆ ಹಾಕಿ ಒಟ್ಟಿಗೆ ಕಳಿಸುವ ‘ಎಕ್ಸ್‌ಆರ್ಗ್ಸ್’ ಇಲ್ಲಿ ಇನ್ನೂ ಕೆಟ್ಟದ್ದು, ಮೊದಲ ಹೆಸರು ಸಿಕ್ಕಾಗಿನಿಂದ ಕಮಾಂಡ್ ಓಡುವವರೆಗೆ ದಾಳಿಕೋರನಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಲಾಕ್ ಬೇಕೆಂದರೆ ‘ಫೈಲ್ ಇದೆಯಾ’ ಅಂತ ನೋಡಬೇಡಿ, ‘ಎಂಕೆಡಿರ್’ ಮಾಡಿ ಗೆದ್ದಿತಾ ಸೋತಿತಾ ನೋಡಿ, ಅಥವಾ ‘ಎಫ್‌ಲಾಕ್’ ಬಳಸಿ.

ಕರ್ನಲ್‌ನ ಕಾವಲು ಎಷ್ಟು ಕಾಯುತ್ತದೆ?

2012ರ ಲಿನಕ್ಸ್ 3.6ರಲ್ಲಿ ‘ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್’, ‘ಪ್ರೊಟೆಕ್ಟೆಡ್ ಹಾರ್ಡ್‌ಲಿಂಕ್ಸ್’ ಅನ್ನುವ ಎರಡು ಸೆಟ್ಟಿಂಗ್ ಬಂದವು. 2018ರ 4.19ರಲ್ಲಿ ಎಫ್‌ಐಎಫ್‌ಓ (ಹೆಸರಿರುವ ಪೈಪ್) ಮತ್ತು ಮಾಮೂಲಿ ಫೈಲ್‌ಗಳಿಗೂ ಅಂಥವೇ ಎರಡು ಸೇರಿದವು. ‘ಸಿಸ್‌ಸಿಟಿಎಲ್’ನಲ್ಲಿ ನಾಲ್ಕೂ ಆನ್ ಇವೆಯಾ ನೋಡಿ, ಇಲ್ಲದಿದ್ದರೆ ಮಾಡಿ. ಎಷ್ಟೋ ದಾಳಿಗಳು ಇಲ್ಲೇ ಸಾಯುತ್ತವೆ.

ಆದರೆ ಸಿಮ್‌ಲಿಂಕ್ ಕಾವಲು ಇರುವುದು ಎಲ್ಲರೂ ಬರೆಯಬಲ್ಲ ಸ್ಟಿಕಿ ಡೈರೆಕ್ಟರಿಯೊಳಗೆ ನೇರವಾಗಿ ಇರುವ ಲಿಂಕ್‌ಗೆ ಮಾತ್ರ. ನಮ್ಮ ಉದಾಹರಣೆಯಲ್ಲಿ ಲಿಂಕ್ ಇದ್ದದ್ದು ‘ಕಸ’ದೊಳಗೆ. ಅದು ದಾಳಿಕೋರನ ಸ್ವಂತ ಡೈರೆಕ್ಟರಿ, ಸ್ಟಿಕಿ ಅಲ್ಲ. ಕಾವಲು ಅಲ್ಲಿಗೆ ಬರುವುದೇ ಇಲ್ಲ. ಸರ್ವಿಸ್‌ಗಳಿಗಾದರೆ ಸಿಸ್ಟಂಡಿಯ ‘ಪ್ರೈವೇಟ್ ಟೆಂಪ್’ ಆನ್ ಮಾಡಿ, ಪ್ರತಿಯೊಂದು ಸರ್ವಿಸ್‌ಗೂ ತನ್ನದೇ ಟಿಎಂಪಿ ಸಿಗುತ್ತದೆ.

ಕೊನೇ ಹೆಜ್ಜೆ: ಸಂದಿಯನ್ನು ಹಿಗ್ಗಿಸಿ ಪರೀಕ್ಷೆ ಮಾಡಿ

ರೇಸ್ ಬಗ್ ಅನ್ನು ಅದೃಷ್ಟದ ಮೇಲೆ ಬಿಟ್ಟು ಪರೀಕ್ಷಿಸಲಾಗದು. ಸಾವಿರ ಸಲ ಓಡಿಸಿದರೂ ಕಾಣದೆ ಹೋಗಬಹುದು. ಎಸ್‌ಟ್ರೇಸ್‌ಗೆ ‘ಇಂಜೆಕ್ಟ್’ ಅನ್ನುವ ಆಪ್ಷನ್ ಇದೆ. ಯಾವುದಾದರೂ ಸಿಸ್ಟಂ ಕಾಲ್ ಹೆಸರು ಕೊಟ್ಟು ‘ಡಿಲೇ ಎಂಟರ್’ ಅಂತ ಮೈಕ್ರೋಸೆಕೆಂಡ್‌ಗಳಲ್ಲಿ ಸಮಯ ಹೇಳಿದರೆ, ಆ ಕಾಲ್ ಒಳಗೆ ಹೋಗುವ ಮುಂಚೆ ಅಷ್ಟು ಹೊತ್ತು ತಡೆಯುತ್ತದೆ. 50 ಲಕ್ಷ ಕೊಟ್ಟರೆ ಐದು ಸೆಕೆಂಡ್. ಕೈಯಿಂದಲೇ ಡೈರೆಕ್ಟರಿ ಸರಿಸಿ ಲಿಂಕ್ ಇಡಲು ಬೇಕಾದಷ್ಟಾಯಿತು.

ನಿಮ್ಮದೇ ಟೆಸ್ಟ್ ಮೆಷಿನ್‌ನಲ್ಲಿ ಎರಡು ಡೈರೆಕ್ಟರಿ ಮಾಡಿ. ಒಂದು ಟೂಲ್ ಕೆಲಸ ಮಾಡುವ ಮರ. ಇನ್ನೊಂದು ಅದರ ಹೊರಗೆ, ಒಳಗೊಂದು ಗುರುತಿನ ಫೈಲ್ ಇಟ್ಟದ್ದು. ಎರಡನೇ ಹೆಜ್ಜೆಯಲ್ಲಿ ಸಿಕ್ಕ ಜೋಡಿಗಳ ಎರಡನೇ ಕಾಲ್‌ಗೆ ತಡ ಹಾಕಿ, ಆ ಹೊತ್ತಿನಲ್ಲಿ ಮರದೊಳಗಿನ ಡೈರೆಕ್ಟರಿಯನ್ನು ಹೊರಗಿನದಕ್ಕೆ ಲಿಂಕ್ ಮಾಡಿ. ಟೂಲ್ ಮುಗಿದ ಮೇಲೆ ಗುರುತಿನ ಫೈಲ್ ಇದೆಯಾ, ಅದರ ಒಡೆಯ, ಮೋಡ್, ಒಳಗಿನ ಬರಹ ಹಾಗೇ ಇವೆಯಾ ನೋಡಿ. ಆಟೋಮೇಟ್ ಮಾಡಲು ‘ರಿನೇಮ್‌ಅಟ್2’ ಕಾಲ್‌ನ ‘ಎಕ್ಸ್‌ಚೇಂಜ್’ ಫ್ಲ್ಯಾಗ್ ಬಳಸಿ. ಅದು ಎರಡು ಹೆಸರುಗಳನ್ನು ಒಂದೇ ಏಟಿಗೆ ಅದಲು ಬದಲು ಮಾಡುತ್ತದೆ. ಡೈರೆಕ್ಟರಿ ಮತ್ತು ಸಿಮ್‌ಲಿಂಕ್ ನಡುವೆ ಲೂಪ್‌ನಲ್ಲಿ ಅದಲು ಬದಲು ಮಾಡುತ್ತಾ ಇನ್ನೊಂದು ಕಡೆ ಟೂಲ್ ಓಡಿಸಿ.

ಪರೀಕ್ಷೆಯಲ್ಲಿ ಟೂಲ್ ‘ಇಲೂಪ್’, ‘ಇನಾಟ್‌ಡಿರ್’ (ಇದು ಡೈರೆಕ್ಟರಿ ಅಲ್ಲ), ‘ಇಎಕ್ಸ್‌ಡೆವ್’ (ಪಾತ್ ಗಡಿ ದಾಟುತ್ತಿದೆ) ಎರರ್‌ಗಳನ್ನು ಕಾಣುತ್ತದೆ. ಕಾಣಲೇಬೇಕು, ತಡೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಆ ಎರರ್ ಬಂದ ಮೇಲೆ ಕೋಡ್ ಏನು ಮಾಡುತ್ತೆ ಅನ್ನುವುದನ್ನೂ ಸಾಲು ಸಾಲಾಗಿ ಓದಿ. ‘ಓಪನ್‌ಅಟ್ ಆಗಲಿಲ್ಲ, ಪೂರ್ತಿ ಪಾತ್‌ನಿಂದ ಒಮ್ಮೆ ನೋಡೋಣ’ ಅನ್ನುವ ಫಾಲ್‌ಬ್ಯಾಕ್ ಅಲ್ಲೆಲ್ಲೋ ಅಡಗಿದ್ದರೆ ಮೇಲಿನ ಹೆಜ್ಜೆಗಳೆಲ್ಲ ವ್ಯರ್ಥ. ಅದನ್ನು ಕಿತ್ತುಹಾಕಿ. ಆ ಹೆಸರನ್ನು ಮುಟ್ಟದೆ ಬಿಟ್ಟು, ಯಾವ ಹೆಸರಿನಲ್ಲಿ ಎಡವಟ್ಟಾಯಿತು ಅಂತ ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ಸೊನ್ನೆಯಲ್ಲದ ಎಕ್ಸಿಟ್ ಕೋಡ್‌ನೊಂದಿಗೆ ಹೊರಬರಲಿ.